ರತ್ನಾವಳಿಯಲ್ಲಿ ವೇಷಭ್ರಾಂತಿಯೂ ಪಾತ್ರಗಳೂ

ಶ್ರೀಹರ್ಷನ ರತ್ನಾವಳೀ ನಾಟಿಕೆಗೆ ದೊರೆತ ಮನ್ನಣೆಯೇ ಅದರ ಪಾತ್ರಗಳಿಗೆ ಒಂದು ಮರೆಯಾಯಿತೆಂದು ಹೇಳಬಹುದು. ದಶರೂಪಕಕ್ಕೆ ವ್ಯಾಖ್ಯಾನವನ್ನು ರಚಿಸಿದ ಧನಿಕನು ಸಂಧಿ ಸಂಧ್ಯಂಗಗಳಿಗೆ ಲಕ್ಷ್ಯವನ್ನು ಅರಸುವಾಗ ಹೆಜ್ಜೆಹೆಜ್ಜೆಗೂ ಈ ಕೃತಿಯ ಬಳಿಗೇ ಬಂದನು. ಅವನ ತರುವಾಯದ ಲಾಕ್ಷಣಿಕರೂ ಅದೇ ಹಾದಿಯನ್ನು ಹಿಡಿದರು. ಹೀಗಾಗಿ ಬೀಜವೆಲ್ಲಿ, ಬಿಂದುವೆಲ್ಲಿ, ಗರ್ಭಸಂಧಿಯು ಎಲ್ಲಿಂದ ಮೊದಲಾಗುವುದು ಎಂಬ ವಿಚಾರಗಳಿಗೆ ರತ್ನಾವಳಿಯು ಪಾಠಶಾಲೆಯ ಕರಿಹಲಗೆಯಂತೆ ಒದಗಿತು. ನಾಯಕನು ಧೀರಲಲಿತ, ಹಿರಿಯಳು ಪ್ರಗಲ್ಭೆ, ಕಿರಿಯಳು ಮುಗ್ಧೆ ಎಂದು ಬರೆಯಿಸಿದರೆ ಪಾತ್ರವಿಮರ್ಶೆಯು ಮುಗಿಯಿತೆಂದು ತಿಳಿಯುವ ಅಧ್ಯಾಪಕರು ಇಂದಿಗೂ ಇಲ್ಲದಿಲ್ಲ. ಇನ್ನು ಕೆಲವು ವಿಮರ್ಶಕರು ಒಂದು ಹೆಜ್ಜೆ ಮುಂದೆ ಹೋಗಿ, ಇದು ಕಾಳಿದಾಸನ ಮಾಲವಿಕಾಗ್ನಿಮಿತ್ರದ ನೆರಳು, ಸಂವಿಧಾನದಲ್ಲಿ ಜಾಣ್ಮೆಯುಂಟು, ಪಾತ್ರಗಳಲ್ಲಿ ಜೀವವಿಲ್ಲ ಎಂದು ತೀರ್ಪು ಕೊಟ್ಟಿರುವರು. ಈ ತೀರ್ಪನ್ನು ಒಪ್ಪುವುದು ನನಗೆ ಸಾಧ್ಯವಾಗಿಲ್ಲ. ಈ ನಾಟಿಕೆಯಲ್ಲಿ ಯಾರು ಯಾರನ್ನು ಯಾರೆಂದು ಭ್ರಮಿಸುವರು, ಆ ಭ್ರಮೆಯ ಕ್ಷಣದಲ್ಲಿ ಅವರ ಬಾಯಿಂದ ಏನು ಹೊರಬೀಳುವುದು ಎಂಬುದನ್ನು ನೋಡಿದರೆ ಪಾತ್ರಗಳ ಜೀವವು ಕಾಣಿಸುತ್ತದೆಂಬುದೂ, ಆ ಭ್ರಾಂತಿಗಳ ಬೆಲೆಯನ್ನೆಲ್ಲ ಕಟ್ಟಕಡೆಗೆ ತೆರುವವಳು ವಾಸವದತ್ತೆಯೊಬ್ಬಳೇ ಎಂಬುದೂ ನನ್ನ ಅಭಿಪ್ರಾಯ.

ಈ ಕೃತಿಯು ಕನ್ನಡಿಗರಿಗೆ ಹೊರಗಿನದಲ್ಲ. ನಮಗೆ ದೊರೆತಿರುವ ಕನ್ನಡ ನಾಟಕಗಳಲ್ಲಿ ಮೊದಲನೆಯದೆಂದು ಎಣಿಸಲ್ಪಡುವ ಮಿತ್ರವಿಂದಾ ಗೋವಿಂದವು ಇದರ ರೂಪಾಂತರವೇ. ಚಿಕ್ಕದೇವರಾಜ ಒಡೆಯರ ಆಸ್ಥಾನದಲ್ಲಿದ್ದ ಸಿಂಗರಾರ್ಯನು ಸುಮಾರು 1680ರಲ್ಲಿ ಅದನ್ನು ರಚಿಸಿದನು. ಎರಡು ಶತಮಾನಗಳು ಕಳೆದ ಮೇಲೆ ಅದೇ ಮೈಸೂರಿನ ಅರಮನೆಯ ಆಶ್ರಯದಲ್ಲಿ ಬಸವಪ್ಪಶಾಸ್ತ್ರಿಗಳು (1843-1891) ಶಾಕುಂತಲವೇ ಮೊದಲಾದವುಗಳ ಜೊತೆಯಲ್ಲಿ ರತ್ನಾವಳಿಯನ್ನೂ ಕನ್ನಡಿಸಿದರು. ಮುಂದೆ ಹೆಸರಾಂತ ನಟರಾದ ಎ. ವಿ. ವರದಾಚಾರ್ಯರು ತಮ್ಮ ನಾಟಕ ಮಂಡಲಿಗೆ ಇಟ್ಟ ಹೆಸರೂ ರತ್ನಾವಳಿಯೇ. ಅರ್ಹನೋ ಅನರ್ಹನೋ, ನರ್ಮದೆಯ ದಡದಲ್ಲಿ ನಮ್ಮ ಪುಲಕೇಶಿಯಿಂದ ತಡೆಯಲ್ಪಟ್ಟ ಹರ್ಷನು ನಾಟಕದ ಮೂಲಕ ಕನ್ನಡನಾಡನ್ನು ನಿರಾತಂಕವಾಗಿ ಪ್ರವೇಶಿಸಿದನು. ಐಹೊಳೆಯ ಶಾಸನದಲ್ಲಿ (ಕ್ರಿ. ಶ. 634) ಅವನ ಹೆಸರಿನ ಮೇಲೆ ಶ್ಲೇಷೆಯಾಡಿದ ರವಿಕೀರ್ತಿಯು ಇದನ್ನು ಕಂಡಿದ್ದರೆ ಏನು ಬರೆಯುತ್ತಿದ್ದನೋ!

ಒಬ್ಬರನ್ನು ಇನ್ನೊಬ್ಬರೆಂದು ತಿಳಿಯುವುದರಿಂದ ಹುಟ್ಟುವ ಹಾಸ್ಯವು ಲೋಕದಲ್ಲಿ ಬಹು ಹಳೆಯದು. ರೋಮಿನ ಪ್ಲಾಟಸನು ಅವಳಿ ಸೋದರರನ್ನು ರಂಗಕ್ಕೆ ತಂದನು. ಷೇಕ್ಸ್‌ಪಿಯರನು ಅವಳಿ ಒಡೆಯರಿಗೆ ಅವಳಿ ಆಳುಗಳನ್ನು ಕೂಡಿಸಿ ಗೊಂದಲವನ್ನು ಇಮ್ಮಡಿಸಿದನು. ಆ ನಾಟಕದ ಕಥೆಯನ್ನು ಚನ್ನಬಸಪ್ಪನವರು 1871ರಲ್ಲಿ ‘ನಗದವರನ್ನು ನಗಿಸುವ ಕಥೆ’ ಎಂಬ ಸೊಗಸಾದ ಹೆಸರಿನಿಂದ ಕನ್ನಡಕ್ಕೆ ತಂದರು. ಈಶ್ವರಚಂದ್ರ ವಿದ್ಯಾಸಾಗರರು 1869ರಲ್ಲಿ ಬಂಗಾಳಿಯಲ್ಲಿ ಬರೆದ ಭ್ರಾಂತಿವಿಲಾಸವನ್ನು ಬಿ. ವೆಂಕಟಾಚಾರ್ಯರು ಕನ್ನಡಿಸಿದರು, 1997ರಲ್ಲಿ ಎನ್. ಎಸ್. ಶಂಕರ್ ಅವರು ಅದನ್ನೇ ‘ಉಲ್ಟಾ ಪಲ್ಟಾ’ ಎಂಬ ಚಲಚ್ಚಿತ್ರವನ್ನಾಗಿ ಮಾಡಿದರು. ಈ ಸಂಪ್ರದಾಯದಲ್ಲಿ ತಪ್ಪು ಮುಖದ್ದು. ಎರಡು ಮುಖಗಳು ಒಂದೇ ಅಚ್ಚಿನಲ್ಲಿ ಬಿದ್ದಿವೆ. ಅದಕ್ಕೆ ಹೊಣೆ ವಿಧಿ. ಮೋಸಹೋದವನ ಗುಣಾವಗುಣಗಳಿಗೂ ಆ ಮೋಸಕ್ಕೂ ಸಂಬಂಧವು ಅಲ್ಪ. ಹರ್ಷನ ನಾಟಿಕೆಯಲ್ಲಿ ಹಾಗಲ್ಲ. ಸಾಗರಿಕೆಗೂ ವಾಸವದತ್ತೆಗೂ ಮುಖಸಾಮ್ಯವಿದೆಯೆಂದು ಕವಿಯು ಎಲ್ಲಿಯೂ ಹೇಳುವುದಿಲ್ಲ. ಅಲ್ಲಿ ಮೋಸಮಾಡುವುದು ಉಡುಗೆ, ಮುಸುಕು, ಸಂಜೆಗತ್ತಲೆ. ಇವೆಲ್ಲಕ್ಕಿಂತ ಮಿಗಿಲಾಗಿ, ಇಂತಹ ಉಡುಗೆಯವಳು ಇಂತಹವಳೇ ಆಗಿರಬೇಕೆಂಬ ಅರಮನೆಯ ರೂಢಿ.

ಉಡುಗೆಯ ಈ ಶಕ್ತಿಯನ್ನು ತಿಳಿಯಲು ಕೌಶಾಂಬಿಯವರೆಗೆ ಹೋಗಬೇಕಾಗಿಲ್ಲ. ಪಿರಿಯಾಪಟ್ಟಣದ ಸೀಮೆಯಲ್ಲಿ ರಾವಂದೂರಿನಂತಹ ಊರುಗಳಲ್ಲಿ ಹಬ್ಬ ಜಾತ್ರೆಗಳ ಕಾಲಕ್ಕೆ ಊರವರೇ ಸೇರಿ ಪೌರಾಣಿಕ ನಾಟಕವನ್ನು ಆಡುವುದುಂಟು. ಕಿರೀಟ, ಭುಜಕೀರ್ತಿ, ಗದೆಗಳು ಬಾಡಿಗೆಗೆ ಬಂದಿರುತ್ತವೆ. ಬಣ್ಣದ ಕೆಳಗಿರುವವನು ಯಾರ ಮಗನೆಂಬುದು ಚಾಪೆಯ ಮೇಲೆ ಕುಳಿತ ಮುದುಕಿಗೂ ಗೊತ್ತು. ಆದರೂ ಕಿರೀಟವು ತಲೆಗೇರಿದ ಗಳಿಗೆಯಿಂದ ಅವನಿಗೆ ಸಲ್ಲುವುದು ದುರ್ಯೋಧನನ ಮರ್ಯಾದೆ. ವೇಷಕ್ಕೆ ಸಲ್ಲುವ ಈ ಮರ್ಯಾದೆಯೇ ರತ್ನಾವಳಿಯ ವಸ್ತು. ಅದು ಸಿಂಹಳದ ರಾಜಪುತ್ರಿಗೆ ದಾಸಿಯ ಉಡುಗೆಯನ್ನು ಉಡಿಸಿ, ಅವಳನ್ನು ಯಾರೂ ಗುರುತಿಸದಂತೆ ಮಾಡುತ್ತದೆ. ಅದೇ ದಾಸಿಗೆ ರಾಣಿಯ ಉಡುಗೆಯನ್ನು ಉಡಿಸಿ, ಅವಳು ಕಾವಲಿನವರ ಕಣ್ಣೆದುರಿಗೇ ಹೊರಟುಹೋಗುವಂತೆಯೂ ಮಾಡುತ್ತದೆ.

ಮೊದಲನೆಯ ಭ್ರಾಂತಿಯು ಸಾಗರಿಕೆಯದು. ವಸಂತೋತ್ಸವದಲ್ಲಿ ರಾಣಿಯು ಮನ್ಮಥಪೂಜೆಗೆ ಬಂದಾಗ ಪೂಜಾದ್ರವ್ಯವನ್ನು ಹಿಡಿದು ನಿಂತವಳು ಸಾಗರಿಕೆಯೆಂದು ಕಂಡು, ಅರಸನ ಕಣ್ಣಿಗೆ ಇವಳು ಬೀಳಬಾರದೆಂದು ಎಣಿಸಿ, ಸಾರಿಕೆಯನ್ನು ನೋಡಿಕೊಳ್ಳೆಂಬ ನೆವದಿಂದ ಅವಳನ್ನು ಕಳುಹಿಸಿಬಿಡುತ್ತಾಳೆ. ಹುಡುಗಿಯು ಹೋಗುವುದಿಲ್ಲ. ತಂದೆಯ ಅಂತಃಪುರದಲ್ಲಿ ನಡೆಯುತ್ತಿದ್ದ ಅನಂಗಪೂಜೆಯಂತೆಯೇ ಇಲ್ಲಿಯೂ ನಡೆಯುವುದೋ ಎಂದು ನೋಡಲು ಮರೆಯಲ್ಲಿ ನಿಲ್ಲುತ್ತಾಳೆ. ಪೂಜೆಯನ್ನು ಕೈಕೊಳ್ಳುತ್ತಿರುವ ಉದಯನನನ್ನು ಕಂಡು, ನಮ್ಮಲ್ಲಿ ಚಿತ್ರದಲ್ಲಿದ್ದ ಮನ್ಮಥನು ಇಲ್ಲಿ ಪ್ರತ್ಯಕ್ಷನಾಗಿಯೇ ಬಂದಿರುವನೆಂದು ತಿಳಿದು ತಾನೂ ಹೂವನ್ನರ್ಪಿಸುತ್ತಾಳೆ. ಸಂಜೆಯ ವೈತಾಳಿಕನು ಅರಸನ ಹೆಸರನ್ನು ಹಾಡಿದಾಗ ಅವನು ದೇವರಲ್ಲ, ತನ್ನ ತಂದೆಯು ತನ್ನನ್ನು ಯಾರಿಗೆ ಕೊಡುವುದೆಂದು ನಿಶ್ಚಯಿಸಿದ್ದನೋ ಆ ಉದಯನನೆಂದು ಅವಳಿಗೆ ತಿಳಿಯುತ್ತದೆ. ಇದನ್ನು ಬರಿಯ ಮುಗ್ಧತೆಯ ಚಮತ್ಕಾರವೆಂದು ಬಿಡಬಾರದು. ಹಡಗೊಡೆದು ಹಲಗೆಯೊಂದನ್ನು ಹಿಡಿದು ಬದುಕಿದವಳು, ಹೆಸರನ್ನೂ ಕುಲವನ್ನೂ ನುಂಗಿಕೊಂಡು ಪರರ ಮನೆಯಲ್ಲಿ ಊಳಿಗ ಮಾಡುತ್ತಿರುವವಳು, ಮೊತ್ತಮೊದಲು ತನ್ನ ತೌರಿನ ಪೂಜೆಯನ್ನು ನೆನೆದು ನಿಂತಿದ್ದಾಳೆ. ಅವಳ ಭ್ರಾಂತಿಯ ಬೇರು ತೌರಿನ ನೆನಪಿನಲ್ಲಿದೆ. ಪ್ರೇಮವು ಆ ನೆನಪಿನ ಕೊಂಬೆಯಲ್ಲಿ ಬಿಟ್ಟ ಹೂವು. ಲಕ್ಷಣಗ್ರಂಥಗಳ ಮುಗ್ಧೆಗೆ ಇಷ್ಟು ಹಿಂದಿನ ಬಾಳು ಇರುವುದಿಲ್ಲ.

ಎರಡನೆಯ ಅಂಕದ ಚಿತ್ರಫಲಕ, ಕಟ್ಟು ಕಿತ್ತುಕೊಂಡ ಕಪಿ, ಕೇಳಿದ್ದನ್ನೆಲ್ಲ ಒಪ್ಪಿಸುವ ಸಾರಿಕೆ ಇವುಗಳ ವಿಷಯದಲ್ಲಿ ಹಿಂದಿನವರು ಬೇಕಾದಷ್ಟು ಬರೆದಿರುವರು. ನಾನು ಒಂದೇ ಮಾತಿನ ಮೇಲೆ ನಿಲ್ಲುತ್ತೇನೆ. ಸುಸಂಗತೆಯ ಉಪಾಯದಿಂದ ಅರಸನೂ ಸಾಗರಿಕೆಯೂ ಸಂಧಿಸಿ, ಅವನು ಅವಳ ಕೈಯನ್ನು ಹಿಡಿದಿದ್ದಾನೆ. ಅವಳು ಸಖಿಯ ಮೇಲೆ ಮುನಿದಿರುವುದನ್ನು ಕಂಡು ವಿದೂಷಕನಾದ ವಸಂತಕನು, ಇವಳು ಇನ್ನೊಬ್ಬ ವಾಸವದತ್ತೆಯೇ ಸರಿ ಎಂಬರ್ಥದ ಮಾತನ್ನಾಡುತ್ತಾನೆ. ರಾಣಿಯ ಹೆಸರು ಕಿವಿಗೆ ಬಿದ್ದುದೇ ತಡ, ಅರಸನು ಬೆಚ್ಚಿ ಕೈಬಿಡುತ್ತಾನೆ. ಸಭೆಯು ನಗುತ್ತದೆ. ಆದರೆ ಇಡೀ ಮೂರನೆಯ ಅಂಕವು ಈ ಪರಿಹಾಸ್ಯದ ಮಾತಿನೊಳಗೆ ಬೀಜದಂತೆ ಅಡಗಿದೆ. ಇನ್ನೊಬ್ಬ ವಾಸವದತ್ತೆಯು ಮರುಸಂಜೆಗೆ ನಿಜವಾಗಿಯೂ ಬರಲಿದ್ದಾಳೆ. ಹೊಟ್ಟೆಬಾಕನೆಂದೂ ಮಂದಮತಿಯೆಂದೂ ಹೆಸರಾದ ವಿದೂಷಕನ ಬಾಯಲ್ಲಿ ಕವಿಯು ಈ ಮಾತನ್ನು ಇಟ್ಟಿರುವುದು ಮೆಚ್ಚತಕ್ಕದ್ದು. ಅದೇ ವಸಂತಕನು, ರಾಣಿಯಿಂದ ತಪ್ಪಿಸಿಕೊಂಡೆವೆಂಬ ಹಿಗ್ಗಿನಲ್ಲಿ ತೋಳೆತ್ತಿ ಕುಣಿದು ಕಂಕುಳಲ್ಲಿದ್ದ ಚಿತ್ರಫಲಕವನ್ನು ಕೆಡಹಿ ಎಲ್ಲವನ್ನೂ ಕೆಡಿಸುವುದು ಅವನಿಗೆ ಸಹಜವೇ. ಅವನು ಗುಟ್ಟನ್ನು ಉಳಿಸಲಾರನು, ಸುಳ್ಳನ್ನೂ ನೆಟ್ಟಗೆ ಹೇಳಲಾರನು.

ಮೂರನೆಯ ಅಂಕವು ಸ್ವಲ್ಪ ವಿಸ್ತಾರವಾದ ವಿಚಾರವನ್ನು ಬೇಡುತ್ತದೆ. ಫಲಕವನ್ನು ಕಂಡು ಸಂಶಯಗೊಂಡ ರಾಣಿಯು ಸಾಗರಿಕೆಯ ಕಾವಲನ್ನು ಸುಸಂಗತೆಗೆ ಒಪ್ಪಿಸಿ, ಅವಳ ನಿಷ್ಠೆಯನ್ನು ಕೊಳ್ಳಲೆಂದು ತನ್ನ ಉಡುಗೆಯನ್ನೇ ಉಡುಗೊರೆಯಾಗಿ ಕೊಟ್ಟಿದ್ದಾಳೆ. ಸುಸಂಗತೆಯು ಆ ಉಡುಗೆಯನ್ನು ಸಾಗರಿಕೆಗೆ ಉಡಿಸಿ, ತಾನು ರಾಣಿಯ ಆಪ್ತ ಪರಿಚಾರಿಕೆಯಾದ ಕಾಂಚನಮಾಲೆಯ ವೇಷವನ್ನು ತೊಟ್ಟು, ಸಂಜೆಗೆ ಬರುವುದಾಗಿ ವಸಂತಕನೊಡನೆ ಗೊತ್ತುಮಾಡಿಕೊಳ್ಳುತ್ತಾಳೆ. ಕಾಂಚನಮಾಲೆಗೆ ಇದು ತಿಳಿಯುತ್ತದೆ, ರಾಣಿಗೂ ತಿಳಿಯುತ್ತದೆ. ರಾಣಿಯು ಕಾಂಚನಮಾಲೆಯೊಡನೆ ಮುಂಚಿತವಾಗಿಯೇ ಸಂಕೇತಸ್ಥಾನಕ್ಕೆ ಬಂದು ನಿಲ್ಲುತ್ತಾಳೆ. ವಸಂತಕನು ಅವಳನ್ನು ಸಾಗರಿಕೆಯೆಂದು ತಿಳಿದು ಅರಸನ ಬಳಿಗೆ ಕರೆತರುತ್ತಾನೆ.

ಇಲ್ಲಿಯ ವೈಪರೀತ್ಯವನ್ನು ನಿಧಾನವಾಗಿ ಗಮನಿಸಬೇಕು. ವಾಸವದತ್ತೆಯು ಯಾವ ವೇಷವನ್ನೂ ಹಾಕಿಲ್ಲ. ಅವಳು ತನ್ನ ಉಡುಗೆಯಲ್ಲಿ, ತನ್ನ ಪರಿಚಾರಿಕೆಯೊಡನೆ, ತನ್ನ ಉದ್ಯಾನದಲ್ಲಿ, ತನ್ನ ಗಂಡನ ಬಳಿಗೆ ಬಂದಿದ್ದಾಳೆ. ಅಂತಹವಳನ್ನು ವಾಸವದತ್ತೆಯ ಸೋಗಿನ ದಾಸಿಯೆಂದು ಎಲ್ಲರೂ ತಿಳಿಯುತ್ತಾರೆ. ತಾನು ತಾನಾಗಿಯೇ ಬಂದು ತನ್ನದೇ ಸೋಗೆಂದು ಎಣಿಸಲ್ಪಡುವ ದುರವಸ್ಥೆ ಇದು. ಇದರ ಮೇಲೆ ವಸಂತಕನು ಅವಳೆದುರಿಗೇ, ಸದಾ ಸಿಡುಕುವ ವಾಸವದತ್ತೆಯ ಕಟುನುಡಿಯಿಂದ ಬೆಂದ ಅರಸನ ಕಿವಿಗಳನ್ನು ನಿನ್ನ ಸವಿಮಾತಿನಿಂದ ತಣಿಸೆಂದು ಬೇಡುತ್ತಾನೆ. ರಾಣಿಯು ಕಾಂಚನಮಾಲೆಗೆ ಮಾತ್ರ ಕೇಳಿಸುವಂತೆ, ಕಟುಭಾಷಿಣಿಯು ನಾನಂತೆ, ಸವಿಮಾತಿನವನು ಈ ವಸಂತಕನಂತೆ ಎಂಬ ಭಾವದ ಮಾತನ್ನು ಹೇಳಿ ಸುಮ್ಮನಾಗುತ್ತಾಳೆ. ಆ ಮೌನದಲ್ಲಿ ಎಷ್ಟು ಸಂಗತಿಯಿದೆ! ತಾನಿಲ್ಲದೆಡೆಯಲ್ಲಿ ತನ್ನ ವಿಷಯವಾಗಿ ಏನು ಮಾತು ನಡೆಯುತ್ತದೆಂಬುದನ್ನು ತಾನೇ ಇದ್ದು ಕೇಳುವ ಅವಕಾಶವು ಲೋಕದಲ್ಲಿ ಯಾರಿಗೂ ಹಿತವನ್ನು ತಂದುದಿಲ್ಲ. ಆ ಬಳಿಕ ಅರಸನು ಅವಳ ಮುಖವನ್ನು ಚಂದ್ರನಿಗೆ ಹೋಲಿಸಿ ಹೊಗಳುತ್ತಾನೆ. ಹೊಗಳಿಸಿಕೊಳ್ಳುತ್ತಿರುವ ಮುಖವು ಅವಳದೇ. ಹೊಗಳಿಕೆ ಮಾತ್ರ ಅವಳದಲ್ಲ. ಅವಳು ಮುಸುಕನ್ನು ತೆಗೆದು, ನಿಜವಾಗಿಯೂ ನಾನು ಸಾಗರಿಕೆಯೇ, ನಿಮ್ಮ ಮನಸ್ಸು ಅವಳಲ್ಲಿ ನೆಟ್ಟಿರುವುದರಿಂದ ನಿಮಗೆ ಎಲ್ಲವೂ ಸಾಗರಿಕೆಯಾಗಿ ತೋರುತ್ತದೆ ಎಂಬ ಅರ್ಥದಲ್ಲಿ ನುಡಿಯುವಳು. ಪ್ರಗಲ್ಭೆಯೆಂಬ ಹಣೆಚೀಟಿಯನ್ನು ಅಂಟಿಸಿ ಈ ಮಾತನ್ನು ದಾಟಿಹೋಗುವುದು ಅನ್ಯಾಯ. ಅವಳು ಬೈಯುತ್ತಿಲ್ಲ, ಭ್ರಾಂತಿಯ ಕಾರಣವನ್ನು ಕರಾರುವಾಕ್ಕಾಗಿ ಹೇಳುತ್ತಿದ್ದಾಳೆ. ಇಡೀ ನಾಟಿಕೆಯಲ್ಲಿ ಈ ತಿಳಿವು ಮತ್ತಾರಿಗೂ ಇಲ್ಲ.

ಯೂರೋಪಿನ ರಂಗಭೂಮಿಯಲ್ಲಿ ಇದಕ್ಕೆ ಬಹು ಸಮೀಪವಾದ ಸನ್ನಿವೇಶವೊಂದುಂಟು. 1784ರಲ್ಲಿ ಪ್ಯಾರಿಸಿನಲ್ಲಿ ಸಾರ್ವಜನಿಕವಾಗಿ ಆಡಲ್ಪಟ್ಟ ಬೋಮಾರ್ಶೆಯ ‘ಫಿಗಾರೋವಿನ ಮದುವೆ’ಯಲ್ಲಿ, ಅದನ್ನನುಸರಿಸಿ ಮೊಟ್ಸಾರ್ಟನು 1786ರಲ್ಲಿ ರಚಿಸಿದ ಗೀತನಾಟಕದಲ್ಲಿ, ಪ್ರಭುಪತ್ನಿಯೂ ಪರಿಚಾರಿಕೆಯೂ ಉಡುಗೆಯನ್ನು ಅದಲುಬದಲು ಮಾಡಿಕೊಂಡು ರಾತ್ರಿಯ ತೋಟಕ್ಕೆ ಬರುತ್ತಾರೆ, ಪ್ರಭುವು ತನ್ನ ಹೆಂಡತಿಯನ್ನೇ ಪರಿಚಾರಿಕೆಯೆಂದು ತಿಳಿದು ಓಲೈಸಿ, ಕಡೆಗೆ ಮಂಡಿಯೂರಿ ಕ್ಷಮೆಯನ್ನು ಬೇಡುತ್ತಾನೆ. ಹರ್ಷನಿಗೂ ಬೋಮಾರ್ಶೆಗೂ ಸಂಬಂಧವನ್ನು ಹುಡುಕುವುದು ವ್ಯರ್ಥ. ಭೇದವನ್ನು ನೋಡುವುದು ಲಾಭಕರ. ಅಲ್ಲಿ ಬಲೆಯನ್ನು ಬೀಸಿದವಳು ಹೆಂಡತಿಯೇ. ತೊಟ್ಟ ವೇಷವು ಅವಳಿಗೆ ರಕ್ಷೆಯಾಗಿದೆ. ಕ್ಷಮಿಸುವ ಗಳಿಗೆಯೂ ಅವಳ ವಶದಲ್ಲಿದೆ. ವಾಸವದತ್ತೆಗೆ ಅಂತಹ ರಕ್ಷೆಯಿಲ್ಲ. ತನ್ನ ಮುಖವನ್ನಲ್ಲದೆ ಬೇರೆ ಮುಖವಾಡವನ್ನು ಅವಳು ತಂದಿಲ್ಲ. ಕಾಲಿಗೆ ಬಿದ್ದ ಗಂಡನನ್ನು ಬಿಟ್ಟು ಅವಳು ಹೊರಟುಹೋಗುತ್ತಾಳೆ.

ಹರ್ಷನ ಪ್ರತಿಭೆಯು ಇಲ್ಲಿಗೆ ನಿಲ್ಲುವುದಿಲ್ಲ. ರಾಣಿಯು ಹೋದ ಮೇಲೆ ರಾಣಿಯ ವೇಷದ ಸಾಗರಿಕೆಯು ಬರುತ್ತಾಳೆ. ಗುಟ್ಟು ಬಯಲಾದುದನ್ನು ತಿಳಿದು, ಅವಮಾನಕ್ಕಿಂತ ಮರಣವೇ ಲೇಸೆಂದು ಮಾಧವೀಲತೆಯಿಂದ ಉರುಲನ್ನು ಮಾಡಿಕೊಳ್ಳುತ್ತಾಳೆ. ವಸಂತಕನು ನೋಡಿ, ಮಹಾರಾಣಿಯು ಪ್ರಾಣವನ್ನು ಕಳೆದುಕೊಳ್ಳುತ್ತಿರುವಳೆಂದು ಕೂಗುತ್ತಾನೆ. ಅರಸನು ಓಡಿಬಂದು ರಾಣಿಯೆಂದೇ ತಿಳಿದು ಉರುಲನ್ನು ಕಿತ್ತೆಸೆಯುತ್ತಾನೆ. ಹಿಂದಿನ ಭ್ರಾಂತಿಗೆ ಇದು ಸರಿಯಾದ ವಿಲೋಮ. ಅಲ್ಲಿ ಹೆಂಡತಿಯನ್ನು ಪ್ರಿಯೆಯೆಂದು ತಿಳಿದು ಶೃಂಗಾರವನ್ನಾಡಿದನು. ಇಲ್ಲಿ ಪ್ರಿಯೆಯನ್ನು ಹೆಂಡತಿಯೆಂದು ತಿಳಿದು ಪ್ರಾಣಭಯದಿಂದ ನಡುಗಿದನು. ಎರಡೂ ನಿಜವೆಂಬುದೇ ಈ ಪಾತ್ರದ ಗುಟ್ಟು. ಉದಯನನನ್ನು ಕಪಟಿಯೆನ್ನುವವರು ಎರಡನೆಯ ಭ್ರಾಂತಿಯನ್ನು ಮರೆತಿರುವರು. ದಾಕ್ಷಿಣ್ಯಶಾಲಿಯೆನ್ನುವವರು ಮೊದಲನೆಯದನ್ನು ಮರೆತಿರುವರು. ಬುದ್ಧಿಪೂರ್ವಕವಾಗಿ ಇಬ್ಬರಲ್ಲಿ ಯಾರಿಗೂ ಹೇಳದಿದ್ದ ಮಾತು ಭ್ರಾಂತಿಯಲ್ಲಿ ಅವನ ಬಾಯಿಂದ ಬಂದಿತು. ಅವನ ನೀಚತನವು ಕಾಣುವುದು ಭ್ರಾಂತಿಯು ಹರಿದ ಮೇಲೆಯೇ. ಸಾಗರಿಕೆಯೆಂದು ತಿಳಿದ ಕೂಡಲೆ, ರಾಣಿಯ ಸೇವೆಯು ಅವಳ ಹಿರಿಮೆಗೆ ಸಲ್ಲುವ ಉಪಚಾರ, ಪ್ರೇಮವೇನಿದ್ದರೂ ನಿನ್ನಲ್ಲಿಯೇ ಎಂಬಂತೆ ಅವನು ನುಡಿಯುತ್ತಾನೆ. ಕಾಲಿಗೆ ಬಿದ್ದವನನ್ನು ಒದೆದು ಬಂದೆನಲ್ಲಾ ಎಂಬ ಪಶ್ಚಾತ್ತಾಪದಿಂದ ಹಿಂದಿರುಗಿದ ವಾಸವದತ್ತೆಯ ಕಿವಿಗೆ ಬೀಳುವುದು ಈ ಮಾತು. ಈಗ ಅವಳ ಕೋಪಕ್ಕೆ ಎಣೆಯಿಲ್ಲ. ಸಾಗರಿಕೆಯು ಕೊರಳಿಗೆ ಹಾಕಿಕೊಂಡಿದ್ದ ಆ ಲತೆಯ ಪಾಶದಿಂದಲೇ ವಸಂತಕನನ್ನು ಕಟ್ಟಿಸಿ, ಸಾಗರಿಕೆಯನ್ನು ಮುಂದಿಟ್ಟುಕೊಂಡು ಅವಳು ಹೊರಡುತ್ತಾಳೆ. ಸಭೆಯಲ್ಲಿ ನಗುವವರು ಕಟ್ಟಿಸಿಕೊಂಡ ವಿದೂಷಕನನ್ನು ನೋಡಿ ನಗಬಹುದು. ರಾಣಿಯ ಬೆನ್ನನ್ನು ನೋಡಿದವರಿಗೆ ನಗು ಬರಲಾರದು.

ಗಂಡಸರೇ ಸ್ತ್ರೀಪಾತ್ರಗಳನ್ನು ವಹಿಸುತ್ತಿದ್ದ ಕಂಪೆನಿ ನಾಟಕಗಳ ಕಾಲದಲ್ಲಿ ಈ ಅಂಕಕ್ಕೆ ಮತ್ತೊಂದು ಪದರವೂ ಸೇರುತ್ತಿದ್ದಿರಬೇಕು. ಹೆಣ್ಣಿನ ವೇಷದ ಗಂಡಸು, ದಾಸಿಯ ವೇಷದ ರಾಜಕುಮಾರಿಯಾಗಿ, ಮೇಲೆ ರಾಣಿಯ ಮುಸುಕನ್ನೂ ಹೊದ್ದು ಬಂದರೆ ಎಷ್ಟು ಸಿಪ್ಪೆಯನ್ನು ಸುಲಿದರೆ ತಿರುಳು ಸಿಕ್ಕೀತು?

ಇನ್ನು ವಾಸವದತ್ತೆಯ ಸ್ವಂತ ಭ್ರಾಂತಿ. ಅರಮನೆಯಲ್ಲಿ ಸಾಗರಿಕೆಯ ಮುಖವನ್ನು ನೋಡಿ ಬೆಚ್ಚಿದವಳು ಅವಳೊಬ್ಬಳೇ. ಉಳಿದವರು ದಾಸಿಯನ್ನು ಕಂಡರು, ಅವಳು ಮುಖವನ್ನು ಕಂಡಳು. ಆದಕಾರಣವೇ ಅರಸನಿಂದ ಮರೆಮಾಡಿದಳು. ಇಷ್ಟು ತೀಕ್ಷ್ಣವಾದ ಕಣ್ಣು ಕೂಡ, ಇವಳು ತನ್ನ ಸೋದರಮಾವನಾದ ಸಿಂಹಳೇಶ್ವರ ವಿಕ್ರಮಬಾಹುವಿನ ಮಗಳೆಂಬುದನ್ನು ಅರಿಯಲಿಲ್ಲ. ಉಳಿದ ಭ್ರಾಂತಿಗಳು ಒಂದು ಸಂಜೆಯವು. ಇದು ತಿಂಗಳುಗಟ್ಟಲೆ ನಡೆದುದು. ನಾಲ್ಕನೆಯ ಅಂಕದಲ್ಲಿ ಐಂದ್ರಜಾಲಿಕನು ಹುಟ್ಟಿಸಿದ ಬೆಂಕಿಯು ಅಂತಃಪುರವನ್ನು ಆವರಿಸಿದಾಗ, ನಾನು ನಿರ್ದಯೆಯಿಂದ ಸೆರೆಯಲ್ಲಿಟ್ಟ ಸಾಗರಿಕೆಯು ಸಾಯುವಳು, ಕಾಪಾಡಿರೆಂದು ಅರಸನಿಗೆ ಮೊರೆಯಿಡುವವಳು ಅವಳೇ. ಇಲ್ಲಿ ಅವಳಿಗೆ ತಂಗಿಯೆಂದು ಗೊತ್ತಿಲ್ಲ, ಸವತಿಯಾಗುವವಳೆಂದು ಮಾತ್ರ ಗೊತ್ತು. ಬೆಂಕಿಯು ಸುಳ್ಳು, ಆ ಕೂಗು ಸುಳ್ಳಲ್ಲ. ಮಾಲವಿಕಾಗ್ನಿಮಿತ್ರದ ಧಾರಿಣಿಯು ಗಂಭೀರೆಯೇ ಸರಿ. ಆದರೆ ಕಾಳಿದಾಸನು ಅವಳನ್ನು ಇಂತಹ ಇಕ್ಕಟ್ಟಿಗೆ ನೂಕಲಿಲ್ಲ. ರತ್ನಾವಳಿಯು ನೆರಳೆನ್ನುವವರು ಈ ಸ್ಥಳವನ್ನು ಮತ್ತೊಮ್ಮೆ ಓದಬೇಕು.

ವಸುಭೂತಿ ಬಾಭ್ರವ್ಯರು ರತ್ನಮಾಲೆಯನ್ನೂ ಹುಡುಗಿಯನ್ನೂ ಗುರುತಿಸಿದ ಮೇಲೆ ರಾಣಿಯು ನಾಚಿ, ಸಂಕೋಲೆಯನ್ನು ಬಿಡಿಸಿ, ತನ್ನ ಆಭರಣಗಳಿಂದ ಅವಳನ್ನು ಅಲಂಕರಿಸಿ ಅರಸನಿಗೆ ಒಪ್ಪಿಸುತ್ತಾಳೆ. ರಾಣಿಯ ಒಡವೆ ಉಡುಗೆಗಳು ಸಾಗರಿಕೆಯ ಮೈಮೇಲೆ ಬರುವುದು ಇದು ಎರಡನೆಯ ಸಲ. ಮೊದಲು ಕದ್ದು ತೊಟ್ಟುದು ವೇಷವಾಯಿತು. ಈಗ ಕೈಯಾರೆ ತೊಡಿಸಿದುದು ಪಟ್ಟವಾಯಿತು. ಇನ್ನೊಬ್ಬ ವಾಸವದತ್ತೆಯೆಂಬ ವಿದೂಷಕನ ಮಾತು ಹೀಗೆ ಕೈಗೂಡುತ್ತದೆ. ಇದಕ್ಕೆಲ್ಲ ಸೂತ್ರಧಾರನಾದ ಯೌಗಂಧರಾಯಣನ ವಿಷಯವಾಗಿ ಹೆಚ್ಚು ಹೇಳಬೇಕಾಗಿಲ್ಲ. ರತ್ನಾವಳಿಯ ಕೈಹಿಡಿದವನು ಸಾರ್ವಭೌಮನಾಗುವನೆಂಬ ಸಿದ್ಧನ ಮಾತನ್ನು ನಂಬಿ, ವಾಸವದತ್ತೆಯು ಲಾವಾಣಕದಲ್ಲಿ ಬೆಂದುಹೋದಳೆಂಬ ಸುಳ್ಳನ್ನು ಸಿಂಹಳದವರೆಗೆ ಹರಡಿ, ಬಂದ ಹುಡುಗಿಯನ್ನು ಆ ವಾಸವದತ್ತೆಯ ಕೈಯಲ್ಲೇ ದಾಸಿಯಾಗಿ ಇರಿಸಿದವನು ಅವನು. ಸ್ವಾಮಿಭಕ್ತಿಯನ್ನು ಹೊಗಳುವುದು ಪದ್ಧತಿ. ಬದುಕಿರುವವಳನ್ನು ಸತ್ತಳೆನ್ನಿಸಿ, ಅವಳಿಂದಲೇ ಅವಳ ಸವತಿಯನ್ನು ಸಾಕಿಸಿದ ಈ ಭಕ್ತಿಯು ನನಗೆ ಅಷ್ಟಾಗಿ ರುಚಿಸದು.

ಸಿಂಗರಾರ್ಯನ ಕಡೆಗೆ ತಿರುಗಿದರೆ ಒಂದು ತೊಡಕು ಎದುರಾಗುತ್ತದೆ. ವತ್ಸರಾಜನ ಸ್ಥಾನದಲ್ಲಿ ಅವನು ಗೋವಿಂದನನ್ನು ಕುಳ್ಳಿರಿಸಿದನು. ಶ್ರೀವೈಷ್ಣವನಿಗೆ ಅದು ಸಹಜವಾದ ಅಪೇಕ್ಷೆ. ಅವನ ಭಾಷೆಯ ಸೊಗಸನ್ನೂ, ಆಡತಕ್ಕ ನಾಟಕವೊಂದನ್ನು ಕನ್ನಡದಲ್ಲಿ ಬರೆಯಬಹುದೆಂದು ತೋರಿಸಿಕೊಟ್ಟ ಧೈರ್ಯವನ್ನೂ ನಾನು ಕಡೆಗಣಿಸುವವನಲ್ಲ. ಆದರೆ ಭ್ರಾಂತಿಯ ನಾಟಕಕ್ಕೆ ಬೇಕಾದ ನಾಯಕನು ಭ್ರಮಿಸಬಲ್ಲವನಾಗಿರಬೇಕು. ಸಂಜೆಗತ್ತಲೆಯಲ್ಲಿ ಮುಸುಕಿನೊಳಗಿರುವವಳು ಯಾರೆಂದು ಸರ್ವಾಂತರ್ಯಾಮಿಗೆ ತಿಳಿಯದೆ? ತಿಳಿದೂ ತಿಳಿಯದಂತೆ ನಟಿಸುವನು, ಅದು ಲೀಲೆಯೆಂದು ಸಮಾಧಾನ ಹೇಳುವುದುಂಟು. ಲೀಲೆಯೆಂದೊಡನೆ ಉದಯನನ ಬಾಯಿಂದ ಅವನಿಗರಿಯದೆ ಹೊರಬಿದ್ದ ಎರಡು ನಿಜಗಳೂ ಇಲ್ಲವಾಗುತ್ತವೆ. ಅರಿತೇ ಹೆಂಡತಿಯನ್ನು ನೋಯಿಸಿದನೆಂಬ ಆಕ್ಷೇಪವು ಮಾತ್ರ ಉಳಿಯುತ್ತದೆ. ಭಾಗವತದಲ್ಲಿ ಈ ತೊಡಕಿಲ್ಲ. ಅಲ್ಲಿ ಮಿತ್ರವಿಂದೆಯು ಕೃಷ್ಣನ ಸೋದರತ್ತೆ ರಾಜಾಧಿದೇವಿಯ ಮಗಳು; ಅಣ್ಣಂದಿರಾದ ವಿಂದಾನುವಿಂದರು ಬೇಡವೆಂದರೂ ನೆರೆದ ಅರಸರ ಕಣ್ಣೆದುರಿಗೆ ಅವನು ಅವಳನ್ನು ಕೊಂಡೊಯ್ಯುತ್ತಾನೆ. ಯಾರೂ ಯಾವ ವೇಷವನ್ನೂ ತೊಡುವುದಿಲ್ಲ, ಯಾವ ಮುಸುಕೂ ಅಡ್ಡಬರುವುದಿಲ್ಲ. ಮುಸುಕು ಹರ್ಷನ ಅಂತಃಪುರದಿಂದ ಬಂದುದು. ಅದನ್ನು ತರುವಾಗ, ಅದರೊಳಗೆ ಮೌನವಾಗಿ ನಿಂತು ತನ್ನ ನಿಂದೆಯನ್ನು ತಾನೇ ಕೇಳಿದವಳನ್ನು ಸಿಂಗರಾರ್ಯನು ಎಷ್ಟರ ಮಟ್ಟಿಗೆ ಜೊತೆಯಲ್ಲಿ ಕರೆತಂದನೆಂಬುದನ್ನು, ಎರಡು ಕೃತಿಗಳನ್ನೂ ಅಕ್ಕಪಕ್ಕದಲ್ಲಿ ತೆರೆದಿಟ್ಟುಕೊಂಡು ಸಾಲುಸಾಲಾಗಿ ಪರೀಕ್ಷಿಸಬೇಕಾಗಿದೆ.